ಮೂರನೆಯ ಹೊತ್ತಿನ ಊಟ

ಕ್ರಿ.ಪೂ. ಮೂರನೆಯ ಶತಮಾನದ ಕೊನೆಗೆ ಚೀನದ ಹುವಾಯ್‌ಯಿನ್ ಎಂಬ ಊರಿನಲ್ಲಿ ಹಾನ್ ಷಿನ್ ಎಂಬ ಯುವಕನಿದ್ದ. ಹೊಲವಿಲ್ಲ, ಕಸುಬಿಲ್ಲ, ನೌಕರಿಗೆ ಕರೆಯುವವರಿಲ್ಲ. ಸೊಂಟದಲ್ಲಿ ಕತ್ತಿಯೊಂದು ಮಾತ್ರ ನೇತಾಡುತ್ತಿತ್ತು. ಹತ್ತಿರದ ಹಳ್ಳಿಯ ಠಾಣಾಧಿಕಾರಿಯೊಬ್ಬನ ಮನೆಗೆ ಊಟದ ಹೊತ್ತಿಗೆ ಸರಿಯಾಗಿ ಹೋಗುವುದು, ಉಂಡು ಬರುವುದು. ಹೀಗೇ ಕೆಲವು ತಿಂಗಳು ಕಳೆದವು. ಆ ಮನೆಯಾಕೆಗೆ ಸಾಕಾಗಿಹೋಯಿತು. ಆದರೆ ಬರಬೇಡವೆಂದು ಬಾಯಿಬಿಟ್ಟು ಹೇಳಲಿಲ್ಲ. ಒಂದು ದಿನ ನಸುಕಿನಲ್ಲೇ ಅಡಿಗೆ ಮಾಡಿ, ಮನೆಯವರೆಲ್ಲ ಹಾಸಿಗೆಯ ಮೇಲೇ ಕುಳಿತು ಉಂಡು ಮುಗಿಸಿದರು. ವಾಡಿಕೆಯ ಹೊತ್ತಿಗೆ ಹಾನ್ ಷಿನ್ ಬಂದಾಗ ಒಲೆ ತಣ್ಣಗಾಗಿತ್ತು. ಅವನಿಗೆ ಅರ್ಥವಾಯಿತು. ಮತ್ತೆ ಆ ಹೊಸ್ತಿಲು ತುಳಿಯಲಿಲ್ಲ.

ಆಮೇಲೆ ಅವನು ಕೋಟೆಗೋಡೆಯ ಕೆಳಗೆ ಹರಿಯುವ ನೀರಿಗೆ ಗಾಳ ಹಾಕಿ ಕೂರುತ್ತಿದ್ದ. ಅಲ್ಲಿ ರೇಷ್ಮೆಯ ನಾರು ತೊಳೆಯುತ್ತಿದ್ದ ಹೆಂಗಸರಲ್ಲಿ ಒಬ್ಬ ಮುದುಕಿ ಇವನ ಬಾಡಿದ ಮುಖ ನೋಡಿ ತನ್ನ ಬುತ್ತಿಯಲ್ಲೇ ಪಾಲು ಕೊಟ್ಟಳು. ತೊಳೆಯುವ ಕೆಲಸ ಮುಗಿಯುವವರೆಗೂ ಹತ್ತಾರು ದಿನ ಹಾಗೆ ಉಣ್ಣಿಸಿದಳು. ಮುಂದೆ ಇದೇ ಹಾನ್ ಷಿನ್ ಹಾನ್ ಸಾಮ್ರಾಜ್ಯವನ್ನು ಗೆದ್ದುಕೊಟ್ಟ ಸೇನಾಪತಿಯಾದ. ಕ್ರಿ.ಪೂ. 202ರಲ್ಲಿ ಚು ಪ್ರಾಂತದ ದೊರೆಯಾಗಿ ಊರಿಗೆ ಬಂದವನು ಆ ಮುದುಕಿಯನ್ನು ಹುಡುಕಿಸಿ ಸಾವಿರ ಚಿನ್ನ ಕೊಟ್ಟನಂತೆ. ಠಾಣಾಧಿಕಾರಿಯನ್ನೂ ಮರೆಯಲಿಲ್ಲ. ಅವನಿಗೆ ಕೊಟ್ಟದ್ದು ನೂರು ಕಾಸು. ಉಪಕಾರವನ್ನು ಅರ್ಧಕ್ಕೆ ಬಿಟ್ಟವನು ಎಂಬ ಮಾತೂ ಜೊತೆಗಿತ್ತು. ಚೀನದ ಮಹಾ ಇತಿಹಾಸಕಾರ ಸಿಮಾ ಚಿಯಾನ್ ಇದನ್ನು ಬರೆದಿಟ್ಟಿದ್ದಾನೆ.

ಆ ಮನೆಯಾಕೆಯ ಉಪಾಯ ಫಲಿಸಿದ್ದು ಹೇಗೆ? ಒಂದು ಊಟ ತಪ್ಪಿದರೆ ಮಧ್ಯಾಹ್ನ ಬಂದು ಉಣ್ಣಬಹುದಿತ್ತಲ್ಲ ಎಂದು ಇಂದಿನವರಿಗೆ ತೋರಬಹುದು. ಮಧ್ಯಾಹ್ನದ ಊಟವೆಂಬುದೇ ಆ ಮನೆಯಲ್ಲಿ ಇರಲಿಲ್ಲ ಎಂಬುದೇ ಉತ್ತರ. ಪ್ರಾಚೀನ ಚೀನದ ಸಾಮಾನ್ಯ ಜನ ದಿನಕ್ಕೆ ಎರಡೇ ಸಲ ಉಣ್ಣುತ್ತಿದ್ದರು. ಮೂರನೆಯ ಹೊತ್ತಿನ ಊಟ ಅರಮನೆಯಿಂದ ಇಳಿದು ಬೀದಿಗೆ ಬರಲು ಸಾವಿರ ವರ್ಷ ಹಿಡಿಯಿತು.

ಚೀನದಲ್ಲಿ ಸಿಕ್ಕಿರುವ ಅತಿ ಹಳೆಯ ಬರವಣಿಗೆ ಷಾಂಗ್ ವಂಶದ ಕಾಲದ್ದು. ಸುಮಾರು 3,200 ವರ್ಷಗಳಷ್ಟು ಹಿಂದಿನದು. ಶಕುನ ನೋಡಲು ಬಳಸಿದ ಎತ್ತಿನ ಹೆಗಲ ಮೂಳೆ, ಆಮೆಯ ಚಿಪ್ಪುಗಳ ಮೇಲೆ ಕೊರೆದ ಅಕ್ಷರಗಳವು. ಅವುಗಳಲ್ಲಿ ದಿನದ ಹೊತ್ತುಗಳನ್ನು ಹೇಳುವಾಗ ‘ದೊಡ್ಡ ಊಟ’, ‘ಸಣ್ಣ ಊಟ’ ಎಂಬ ಎರಡು ಮಾತು ಬರುತ್ತವೆ. ಮೊದಲನೆಯದು ಬೆಳಗಿನದು, ಎರಡನೆಯದು ಇಳಿಹೊತ್ತಿನದು. ಅಂದರೆ ಗಡಿಯಾರವಿಲ್ಲದ ಕಾಲದಲ್ಲಿ ಊಟವೇ ಗಡಿಯಾರ.

ಮುಂದೆ ಚೀನೀಯರು ಹಗಲಿರುಳನ್ನು ಎರಡೆರಡು ಗಂಟೆಯ ಹನ್ನೆರಡು ಭಾಗ ಮಾಡಿಕೊಂಡರು. ಆಗಲೂ ಬೆಳಗಿನ 7ರಿಂದ 9ರವರೆಗಿನ ಭಾಗಕ್ಕೆ ‘ಊಟದ ಹೊತ್ತು’ ಎಂದೇ ಹೆಸರು. ಮಧ್ಯಾಹ್ನ 3ರಿಂದ 5ರವರೆಗಿನ ಭಾಗಕ್ಕೂ ಇಳಿಹೊತ್ತಿನ ಊಟದ ಹೆಸರೇ. ವಾಯವ್ಯದ ಗಡಿಯಲ್ಲಿ ಕಾವಲಿದ್ದ ಹಾನ್ ಸೈನಿಕರು ಬಿದಿರು, ಮರದ ಪಟ್ಟಿಗಳ ಮೇಲೆ ಬರೆದಿಟ್ಟ ದಾಖಲೆಗಳು ಜುಯಾನ್ ಎಂಬಲ್ಲಿ ಮರಳಿನಡಿ ಸಿಕ್ಕಿವೆ. ಅವುಗಳಲ್ಲೂ ಹೊತ್ತನ್ನು ಹೇಳಲು ಇದೇ ಪದಗಳು. ನಟ್ಟನಡು ಹಗಲಿನ ಭಾಗಕ್ಕೆ ಮಾತ್ರ ‘ನಡುವಿನ ಸೂರ್ಯ’ ಎಂಬ ಹೆಸರಿದೆ. ಅದರಲ್ಲಿ ಊಟದ ಸುಳಿವೇ ಇಲ್ಲ.

ಬೆಳಗಿನ ಊಟ ಎಂಟು ಗಂಟೆಗೆ, ಇನ್ನೊಂದು ನಾಲ್ಕು ಗಂಟೆಗೆ ಎಂದು ಇಟ್ಟುಕೊಂಡರೆ ಲೆಕ್ಕ ಸುಲಭ. ಎರಡು ಊಟಗಳ ನಡುವೆ ಎಂಟು ಗಂಟೆ. ಆಮೇಲೆ ಮರುದಿನ ಬೆಳಗಿನವರೆಗೆ ಹದಿನಾರು ಗಂಟೆ ಖಾಲಿ ಹೊಟ್ಟೆ. ಈಗ ಪಟ್ಟಣಗಳಲ್ಲಿ ಬೊಜ್ಜು ಕರಗಿಸಲು ಹಣ ತೆತ್ತು ಇದೇ ವೇಳಾಪಟ್ಟಿಯನ್ನು ಕಲಿಯುವವರಿದ್ದಾರೆ. ಅಂದಿನ ರೈತನಿಗೆ ಕರಗಿಸಲು ಬೊಜ್ಜಿರಲಿಲ್ಲ. ಅವನ ಕಾರಣಗಳೇ ಬೇರೆ. ಸೂರ್ಯ ಮುಳುಗಿದ ಮೇಲೆ ಉಣ್ಣಬೇಕಾದರೆ ದೀಪ ಬೇಕು, ದೀಪಕ್ಕೆ ಎಣ್ಣೆಯೋ ಕೊಬ್ಬೋ ಬೇಕು. ಹೊಟ್ಟೆಗೇ ಸಾಲದ ಅವನ್ನು ಉರಿಸುವವರಾರು? ಒಲೆ ಹೊತ್ತಿಸಲು ಸೌದೆ ಬೇಕು. ಉತ್ತರ ಚೀನದ ಬಯಲಿನಲ್ಲಿ ಕಾಡು ಬಹು ಹಿಂದೆಯೇ ತೆಳುವಾಗಿತ್ತು. ಬೆಳಗ್ಗೆ ಹೊಟ್ಟೆ ತುಂಬ ಉಂಡು ಹೊಲಕ್ಕೆ ಹೋಗುವುದು, ಕೆಲಸ ಮುಗಿಸಿ ಬೆಳಕಿರುವಾಗಲೇ ಉಂಡು ಮಲಗುವುದು. ಇದಕ್ಕಿಂತ ಲಾಭದ ಏರ್ಪಾಡು ಇರಲಿಲ್ಲ. ಸಂಜೆಯ ಊಟಕ್ಕಿದ್ದ ‘ಸುನ್’ ಎಂಬ ಪದವನ್ನು ಬರೆಯುವ ಚಿತ್ರಾಕ್ಷರದಲ್ಲಿ ಎರಡು ತುಂಡುಗಳಿವೆ. ಒಂದು ಸಂಜೆ, ಇನ್ನೊಂದು ಕೂಳು.

ಈ ಎರಡು ಊಟಗಳ ಮೇಲೆ ರಾಜಕೀಯದ ಜಗಳವೂ ನಡೆಯಿತು. ಕ್ರಿ.ಪೂ. ನಾಲ್ಕನೆಯ ಶತಮಾನದಲ್ಲಿ ಷು ಷಿಂಗ್ ಎಂಬ ಚಿಂತಕ ಒಂದು ವಾದ ಹೂಡಿದ. ಒಳ್ಳೆಯ ದೊರೆಯಾದವನು ಪ್ರಜೆಗಳ ಜೊತೆ ಹೊಲ ಉಳಬೇಕು, ಬೆಳಗಿನ ಊಟ, ಸಂಜೆಯ ಊಟ ಎರಡನ್ನೂ ತಾನೇ ಬೇಯಿಸಿಕೊಂಡು ರಾಜ್ಯವಾಳಬೇಕು. ಕಣಜ ಖಜಾನೆ ಇಟ್ಟುಕೊಂಡವನು ಜನರ ಅನ್ನ ತಿನ್ನುವವನು ಎಂಬುದು ಅವನ ಮತ. ಕನ್‌ಫ್ಯೂಷಿಯಸ್ ಪಂಥದ ಮೆನ್ಷಿಯಸ್ ಇದನ್ನು ಒಪ್ಪಲಿಲ್ಲ. ಷು ಷಿಂಗ್ ತೊಡುವ ಟೊಪ್ಪಿಗೆಯನ್ನು ತಾನೇ ನೇಯುತ್ತಾನೆಯೇ, ಬೇಯಿಸುವ ಮಡಕೆಯನ್ನು ತಾನೇ ಮಾಡುತ್ತಾನೆಯೇ, ಇಲ್ಲ ಧಾನ್ಯ ಕೊಟ್ಟು ತರುತ್ತಾನೆಯೇ ಎಂದು ಅವನ ಶಿಷ್ಯನನ್ನು ಒಂದೊಂದಾಗಿ ಕೇಳುತ್ತ ಹೋದ. ವಾದದಲ್ಲಿ ಗೆದ್ದವನು ಮೆನ್ಷಿಯಸ್ಸೇ. ಆದರೂ ದೊರೆ ಒಂದು ದಿನವಾದರೂ ಒಲೆ ಊದಲಿ ಎಂದ ಷು ಷಿಂಗನ ಮಾತಿನಲ್ಲಿ ಹುರುಳಿಲ್ಲವೆಂದು ಹೇಳುವಂತಿಲ್ಲ.

ಯಾರಿಗೆ ಎಷ್ಟು ಕೂಳು ಎಂಬುದನ್ನು ಸರ್ಕಾರ ಅಳತೆಗೋಲಿಟ್ಟು ಅಳೆದದ್ದಕ್ಕೆ ಗಟ್ಟಿ ಸಾಕ್ಷಿ ಸಿಕ್ಕಿದ್ದು 1975ರಲ್ಲಿ. ಹೂಬೇ ಪ್ರಾಂತದ ಯುನ್‌ಮೆಂಗ್ ಜಿಲ್ಲೆಯ ಷ್ವೇಹುದಿ ಎಂಬಲ್ಲಿ ಚಿನ್ ಸಾಮ್ರಾಜ್ಯದ ಒಬ್ಬ ಕೆಳದರ್ಜೆಯ ಅಧಿಕಾರಿಯ ಗೋರಿ ತೆರೆದಾಗ, ಶವದ ಸುತ್ತ ಇಟ್ಟಿದ್ದ 1,100ಕ್ಕೂ ಹೆಚ್ಚು ಬಿದಿರಿನ ಪಟ್ಟಿಗಳು ಸಿಕ್ಕವು. ಆತ ಕ್ರಿ.ಪೂ. 217ರ ಸುಮಾರಿಗೆ ಸತ್ತವನು. ಪಟ್ಟಿಗಳಲ್ಲಿ ಬಹುಪಾಲು ಕಾನೂನು. ಅದರಲ್ಲಿ ಕಣಜಗಳ ಕಾನೂನು ಒಂದು. ಗೋಡೆ ಕಟ್ಟುವ ಶಿಕ್ಷೆಗೊಳಗಾದ ಕೈದಿಗೆ ಬೆಳಗ್ಗೆ ಅರ್ಧ ‘ದೌ’, ಸಂಜೆ ಮೂರನೆಯ ಒಂದು ‘ದೌ’ ಧಾನ್ಯ ಕೊಡಬೇಕೆಂದು ಅದು ಹೇಳುತ್ತದೆ. ಆಗಿನ ಒಂದು ದೌ ಎಂದರೆ ಸುಮಾರು ಎರಡು ಲೀಟರ್. ಹಾಗಾಗಿ ಬೆಳಗ್ಗೆ ಒಂದು ಲೀಟರ್, ಸಂಜೆ ಅದರ ಮೂರನೆಯ ಎರಡು ಪಾಲು. ಕಾವಲು ಕೆಲಸದಂಥ ಹಗುರ ಕೆಲಸದವನಿಗೆ ಎರಡು ಹೊತ್ತೂ ಮೂರನೆಯ ಒಂದು ದೌ ಮಾತ್ರ. ಮಣ್ಣು ಹೊರದ ಮೈಗೆ ಬೆಳಗಿನ ಊಟದಲ್ಲಿ ಸುಮಾರು 330 ಮಿಲಿಲೀಟರ್ ಕಡಿತ! ಎರಡು ಸಾವಿರ ವರ್ಷಗಳ ಹಿಂದೆ ಆಹಾರವನ್ನು ದುಡಿಮೆಯ ಇಂಧನವೆಂದು ಲೆಕ್ಕ ಹಾಕಿದ ಈ ಗುಮಾಸ್ತರ ಬುದ್ಧಿಗೆ ಬೆರಗಾಗಬೇಕೋ, ಮರುಗಬೇಕೋ ತಿಳಿಯದು.

ಅದೇ ಗೋರಿಯಲ್ಲಿ ಸರ್ಕಾರಿ ಪ್ರವಾಸದ ಮೇಲೆ ಹೋಗುವವರ ಊಟದ ಕಾನೂನೂ ಇತ್ತು. ಮೇಲಿನ ಕಚೇರಿಯ ದೂತನಿಗೆ ಚೆನ್ನಾಗಿ ಕುಟ್ಟಿದ ಧಾನ್ಯ ಅರ್ಧ ದೌ, ಹುದುಗು ಹಾಕಿದ ಗೊಜ್ಜು ಒಂದು ‘ಷೆಂಗ್’ ಅಳತೆಯ ಕಾಲು ಭಾಗ, ಅಂದರೆ ಸುಮಾರು 50 ಮಿಲಿಲೀಟರ್, ಸೊಪ್ಪಿನ ಸಾರು, ಅದಕ್ಕೆ ಈರುಳ್ಳಿ ಜಾತಿಯ ಎರಡು ಬಗೆಯ ಸೊಪ್ಪು. ಅವನ ಹಿಂಬಾಲಕನಿಗೆ ಅಷ್ಟೇ ಧಾನ್ಯ, ಆದರೆ ಒರಟಾದದ್ದು. ಗಾಡಿ ಹೊಡೆಯುವವನಿಗೆ ಮೂರನೆಯ ಒಂದು ದೌ. ಇಂದಿನ ಪ್ರವಾಸ ಭತ್ಯೆಯ ಬಿಲ್ಲು ಬರೆಯುವವರು ಇದನ್ನು ಓದಿದರೆ ತಮ್ಮ ವಂಶಾವಳಿ ಎಷ್ಟು ಹಳೆಯದೆಂದು ಹೆಮ್ಮೆಪಡಬಹುದು.

ಹಾಗಾದರೆ ದೊರೆಗೆ? ಕ್ರಿ.ಶ. 79ರಲ್ಲಿ ಹಾನ್ ಚಕ್ರವರ್ತಿ ಶ್ವೇತವ್ಯಾಘ್ರ ಮಂದಿರದಲ್ಲಿ ಪಂಡಿತರನ್ನು ಸೇರಿಸಿ ಶಾಸ್ತ್ರವಿಚಾರ ನಡೆಸಿದ. ಆ ಚರ್ಚೆಯ ಸಂಗ್ರಹದಲ್ಲಿ ಊಟದ ಲೆಕ್ಕವೂ ಇದೆ. ಚಕ್ರವರ್ತಿಗೆ ದಿನಕ್ಕೆ ನಾಲ್ಕು ಊಟ: ಮುಂಜಾನೆ, ನಡುಹಗಲು, ಇಳಿಹೊತ್ತು, ಸಂಜೆ. ಸಾಮಂತರಿಗೆ ಮೂರು. ಮಂತ್ರಿಗಳಿಗೆ ಎರಡು. ನಾಲ್ಕು ದಿಕ್ಕುಗಳ ವಸ್ತು, ನಾಲ್ಕು ಋತುಗಳ ಫಲ ಚಕ್ರವರ್ತಿಗೆ ಸಲ್ಲಬೇಕಾದ್ದರಿಂದ ನಾಲ್ಕು ಎಂದು ಪಂಡಿತರ ಸಮರ್ಥನೆ. ಹಸಿವಿಗೂ ಇದಕ್ಕೂ ಸಂಬಂಧವಿಲ್ಲ. ಚೌ ರಾಜರ ಆಡಳಿತವನ್ನು ವರ್ಣಿಸುವ ಗ್ರಂಥವೊಂದರ ಪ್ರಕಾರ ಅರಮನೆಯ ಸುಮಾರು 4,000 ನೌಕರರಲ್ಲಿ 2,271 ಮಂದಿ ಅನ್ನಪಾನಗಳ ಕೆಲಸದವರು. ಮಂಜುಗಡ್ಡೆ ನೋಡಿಕೊಳ್ಳಲೆಂದೇ 94 ಜನ!

ದಿನಕ್ಕೆ ಮೂರು ಊಟ ಎಂಬ ಆಜ್ಞೆ ಒಬ್ಬನ ಪಾಲಿಗೆ ವಿಚಿತ್ರವಾಗಿ ಮುಗಿಯಿತು. ಕ್ರಿ.ಪೂ. 174ರಲ್ಲಿ ಹಾನ್ ಚಕ್ರವರ್ತಿ ವೆನ್‌ನ ತಮ್ಮ, ಹುವಾಯ್‌ನಾನಿನ ದೊರೆ ಲಿಯು ಚಾಂಗ್ ರಾಜದ್ರೋಹದ ಆರೋಪ ಹೊತ್ತ. ಕೊಲ್ಲದೆ ದೂರದ ಷು ನಾಡಿಗೆ ಗಡೀಪಾರು ಮಾಡಬೇಕೆಂದಾಯಿತು. ದೊರೆಯ ಮಗನಲ್ಲವೇ! ಮನೆ ಕಟ್ಟಿಸಿಕೊಡಬೇಕು, ದಿನಕ್ಕೆ ಮೂರು ಊಟ, ಸೌದೆ, ತರಕಾರಿ, ಉಪ್ಪು, ಪಾತ್ರೆ, ಚಾಪೆ ಒದಗಿಸಬೇಕೆಂದು ಅಧಿಕಾರಿಗಳು ಬರೆದರು. ಚಕ್ರವರ್ತಿ ಅದಕ್ಕೆ ದಿನಕ್ಕೆ ಐದು ‘ಜಿನ್’ (ಸುಮಾರು 1,250 ಗ್ರಾಂ) ಮಾಂಸ, ಎರಡು ದೌ ಮದ್ಯ ಸೇರಿಸಿದ. ಮುದ್ರೆಯೊತ್ತಿದ ಮುಚ್ಚುಗಾಡಿಯಲ್ಲಿ ಅವನನ್ನು ಊರಿಂದೂರಿಗೆ ಸಾಗಿಸಿದರು. ದಾರಿಯ ಯಾವ ಅಧಿಕಾರಿಗೂ ಮುದ್ರೆ ಒಡೆಯುವ ಧೈರ್ಯವಿಲ್ಲ. ಒಳಗಿದ್ದವನೂ ಅನ್ನ ಬಿಟ್ಟಿದ್ದ. ಯುಂಗ್ ಎಂಬ ಊರಲ್ಲಿ ಗಾಡಿ ತೆರೆದಾಗ ಅವನು ಸತ್ತಿದ್ದ. ಮುದ್ರೆ ಒಡೆದು ಊಟ ಕೊಡದ ದಾರಿಯ ಅಧಿಕಾರಿಗಳನ್ನೆಲ್ಲ ಮರಣದಂಡನೆಗೆ ಗುರಿಮಾಡಿದರು.

ಊಟದ ಹೊತ್ತಿನಂತೆ ಊಟದ ರೀತಿಯೂ ಇಂದಿನ ಚೀನದ್ದಲ್ಲ. ದುಂಡು ಮೇಜಿನ ನಡುವೆ ತಟ್ಟೆಗಳನ್ನಿಟ್ಟು ಎಲ್ಲರೂ ಕಡ್ಡಿ ಚಾಚುವ ನೋಟ ಚೀನದ ಗುರುತೇ ಆಗಿಬಿಟ್ಟಿದೆ. ಹಾನ್ ಕಾಲದವರಿಗೆ ಅದು ಅಸಹ್ಯವೆನಿಸುತ್ತಿತ್ತೇನೋ. ಅವರು ನೆಲದ ಮೇಲೆ ಚಾಪೆ ಹಾಸಿ, ಒಬ್ಬೊಬ್ಬರ ಮುಂದೆ ಒಂದೊಂದು ಗಿಡ್ಡ ಕಾಲಿನ ಹರಿವಾಣವಿಟ್ಟು ಬೇರೆಬೇರೆಯಾಗಿ ಉಣ್ಣುತ್ತಿದ್ದರು. ಮೆಂಗ್ ಕುವಾಂಗ್ ಎಂಬ ಹೆಂಗಸು ಕೂಲಿಗೆ ಧಾನ್ಯ ಕುಟ್ಟಿ ಬಂದ ಗಂಡನ ಮುಂದೆ ಊಟದ ಹರಿವಾಣವನ್ನು ಹುಬ್ಬಿನ ಮಟ್ಟಕ್ಕೆ ಎತ್ತಿ ಹಿಡಿಯುತ್ತಿದ್ದಳೆಂಬ ಕಥೆ ಇಂದಿಗೂ ಚೀನೀ ಮದುವೆಗಳಲ್ಲಿ ನೆನಪಾಗುತ್ತದೆ. ಹರಿವಾಣ ಹಗುರವಾಗಿ, ಒಬ್ಬರಿಗೇ ಸಾಲುವಷ್ಟಿದ್ದುದರಿಂದ ಅದು ಸಾಧ್ಯವಾಯಿತು. ಚೀನೀ ಭಾಷೆಯಲ್ಲಿ ಔತಣಕ್ಕಿರುವ ಪದದ ಮೂಲ ಅರ್ಥ ಚಾಪೆ. ಸಭಾಧ್ಯಕ್ಷನಿಗೂ ‘ಮುಖ್ಯ ಚಾಪೆ’ ಎಂದೇ ಹೆಸರು. ಮಾವೋ ಅವರನ್ನು ಅಧ್ಯಕ್ಷರೆಂದು ಕರೆಯುತ್ತಿದ್ದುದೂ ಇದೇ ಪದದಿಂದ.

ಚಾಪೆಯ ಮುಂದಿನ ಪಾತ್ರೆಗಳಿಗೂ ಲೆಕ್ಕವಿತ್ತು. ಊರ ಔತಣದಲ್ಲಿ 60 ವರ್ಷದವರಿಗೆ ಮೂರು ಬಟ್ಟಲು, 70ಕ್ಕೆ ನಾಲ್ಕು, 80ಕ್ಕೆ ಐದು, 90 ದಾಟಿದವರಿಗೆ ಆರು ಎಂದು ಆಚಾರಗ್ರಂಥ ಹೇಳುತ್ತದೆ. ಮಾಂಸ ಬೇಯಿಸುವ ಮೂರು ಕಾಲಿನ ಕಂಚಿನ ಕೊಪ್ಪರಿಗೆಗಳು ಚಕ್ರವರ್ತಿಗೆ ಒಂಬತ್ತು, ಸಾಮಂತನಿಗೆ ಏಳು, ಮಂತ್ರಿಗೆ ಐದು. ಹೂಬೇಯಲ್ಲೇ 1978ರಲ್ಲಿ ಅಗೆದ ಜೆಂಗ್ ಸಂಸ್ಥಾನದ ಸಾಮಂತ ಯೀ ಎಂಬವನ ಗೋರಿಯಲ್ಲಿ ಇಂಥವು ಒಂಬತ್ತು ಸಿಕ್ಕವು. ಅವನು ಕ್ರಿ.ಪೂ. 433ರ ಸುಮಾರಿನವನು, ಆ ಹೊತ್ತಿಗೆ ಚೌ ಚಕ್ರವರ್ತಿಯ ಮಾತಿಗೆ ಬೆಲೆ ಉಳಿದಿರಲಿಲ್ಲ.

ಇನ್ನು ಕಡ್ಡಿಗಳ ವಿಷಯ. ಷಾಂಗ್ ರಾಜಧಾನಿಯಲ್ಲಿ ಕಂಚಿನ ಕಡ್ಡಿಗಳೇನೋ ಸಿಕ್ಕಿವೆ. ಆದರೆ ಅವು ಅಡಿಗೆಯಲ್ಲಿ ಬಳಸುವಂಥವು ಎಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. ಚೌ ಕಾಲದಲ್ಲಿ ಅನ್ನವನ್ನು ಕೈಯಿಂದಲೇ ಉಣ್ಣುತ್ತಿದ್ದರು. ಒಂದೇ ಪಾತ್ರೆಯಿಂದ ಉಣ್ಣುವಾಗ ಕೈ ಒದ್ದೆಯಾಗಿರಬಾರದು, ಅನ್ನವನ್ನು ಉಂಡೆ ಕಟ್ಟಬಾರದು, ಎತ್ತಿದ್ದನ್ನು ಮತ್ತೆ ಪಾತ್ರೆಗೆ ಹಾಕಬಾರದು, ಸೊರ್ರೆಂದು ಕುಡಿಯಬಾರದು, ಮೂಳೆಯನ್ನು ನಾಯಿಗೆ ಎಸೆಯಬಾರದು ಎಂದು ಆಚಾರಗ್ರಂಥದಲ್ಲಿ ಉದ್ದಕ್ಕೂ ನಿಷೇಧಗಳಿವೆ. ಬರಗಿನ ಅನ್ನಕ್ಕೆ ಕಡ್ಡಿ ಬಳಸಬಾರದು ಎಂಬುದೂ ಅದರಲ್ಲಿ ಒಂದು.

ಈ ಬರಗು ಇಲ್ಲಿ ಮುಖ್ಯ. ಉತ್ತರ ಚೀನದ ಹಳೆಯ ಅನ್ನ ಭತ್ತದ್ದಲ್ಲ, ನವಣೆ ಮತ್ತು ಬರಗಿನದು. ಬಳ್ಳಾರಿ, ಕೊಪ್ಪಳದ ಹೊಲಗಳಲ್ಲಿ ಇಂದೂ ಬೆಳೆಯುವ ಆ ನವಣೆಯನ್ನು ಮನುಷ್ಯ ಮೊದಲು ಪಳಗಿಸಿದ್ದು ಉತ್ತರ ಚೀನದಲ್ಲಿ, 8,000 ವರ್ಷಗಳಷ್ಟು ಹಿಂದೆ. ಹಬೆಯಲ್ಲಿ ಬೇಯಿಸಿದ ನವಣೆ ಉದುರುದುರು. ಕಡ್ಡಿಗೆ ಸಿಗದು, ಕೈ ಇಲ್ಲವೇ ಚಮಚ ಬೇಕು. ಕಡ್ಡಿಯ ಕೆಲಸ ಸಾರಿನೊಳಗಿನ ತರಕಾರಿ ಎತ್ತುವುದಷ್ಟೆ. ದಕ್ಷಿಣದ ಗುಂಡುಕಾಳಿನ ಅಕ್ಕಿಯ ಪಿಷ್ಟದಲ್ಲಿ ಅಮೈಲೋಸ್ ಎಂಬ ಅಂಶ ಕಡಿಮೆ. ಹಾಗಾಗಿ ಅನ್ನ ಒಂದಕ್ಕೊಂದು ಅಂಟಿಕೊಳ್ಳುತ್ತದೆ, ಮುದ್ದೆಮುದ್ದೆಯಾಗಿ ಕಡ್ಡಿಗೆ ಏರುತ್ತದೆ. ಗೋಧಿಯ ಶಾವಿಗೆಗೂ ಕಡ್ಡಿಯೇ ಅನುಕೂಲ. ಅಕ್ಕಿ, ಶಾವಿಗೆ ಹರಡಿದಂತೆ ಕಡ್ಡಿ ಗೆದ್ದಿತು. ಮಿಂಗ್ ಕಾಲದ ಹೊತ್ತಿಗೆ ಚಮಚ ಸಾರಿಗೆ ಮಾತ್ರ ಉಳಿಯಿತು.

ಏಳನೆಯ ಶತಮಾನದಲ್ಲಿ ಭಾರತಕ್ಕೆ ಬಂದು, ಪುಲಕೇಶಿಯ ರಾಜ್ಯವನ್ನೂ ಕಂಡುಹೋದ ಹ್ಯೂಯೆನ್ ತ್ಸಾಂಗನಿಗೆ ಇಲ್ಲಿಯ ಜನ ಕಡ್ಡಿ, ಚಮಚ ಎರಡೂ ಇಲ್ಲದೆ ಬೆರಳಿನಲ್ಲಿ ಕಲಸಿ ಉಣ್ಣುವುದು ಬರೆದಿಡುವಷ್ಟು ಹೊಸದಾಗಿ ಕಂಡಿತು. ಕಾಯಿಲೆಯಾದಾಗ ಮಾತ್ರ ತಾಮ್ರದ ಚಮಚ ಬಳಸುತ್ತಾರೆ ಎಂದೂ ಸೇರಿಸಿದ್ದಾನೆ. ಉಣ್ಣುವ ಮೊದಲು ತೊಳೆದುಕೊಳ್ಳುವುದು, ತಂಗಳನ್ನು ಮತ್ತೆ ಬಡಿಸದಿರುವುದು, ಮಣ್ಣಿನ, ಮರದ ಪಾತ್ರೆಗಳನ್ನು ಒಮ್ಮೆ ಬಳಸಿ ಎಸೆಯುವುದು ಅವನಿಗೆ ಮೆಚ್ಚುಗೆಯಾದವು. ತನ್ನ ಪೂರ್ವಜರೂ ಕೈಯಲ್ಲೇ ಉಣ್ಣುತ್ತಿದ್ದರೆಂಬುದನ್ನು ಮಾತ್ರ ಅವನು ಅಲ್ಲಿ ನೆನೆಯುವುದಿಲ್ಲ.

ಭಾರತದಿಂದ ಚೀನಕ್ಕೆ ಹೋದ ಬೌದ್ಧ ವಿನಯದಲ್ಲಿ ಊಟದ ಹೊತ್ತಿನ ಒಂದು ಕಟ್ಟುಪಾಡು ಇತ್ತು. ನಡುಹಗಲು ದಾಟಿದ ಮೇಲೆ ಭಿಕ್ಷು ಅನ್ನ ಮುಟ್ಟುವಂತಿಲ್ಲ. ಭಿಕ್ಷೆ ಬೇಡುವ, ಬೆಚ್ಚಗಿನ ನಾಡಿನ ಸನ್ಯಾಸಿಗೆ ಇದು ನಡೆಯಿತು. ಚೀನದ ಛಾನ್ ಮಠಗಳ ಭಿಕ್ಷುಗಳು ಹೊಲ ಗೇಯುವವರು, ಚಳಿಯೂ ಕಡುಚಳಿ. ಅವರು ಸಂಜೆಗೆ ಗಂಜಿ ಕುಡಿಯಲೇಬೇಕಾಯಿತು. ಅದನ್ನು ಊಟವೆಂದು ಕರೆಯದೆ ‘ಔಷಧಿಯ ಕಲ್ಲು’ ಎಂದರು. ಹಸಿವೆಂಬ ರೋಗಕ್ಕೆ ಮದ್ದು ಎಂದಮೇಲೆ ವಿನಯಕ್ಕೆ ಭಂಗವಿಲ್ಲವಲ್ಲ! 814ರಲ್ಲಿ ತೀರಿಕೊಂಡ ಬಾಯ್‌ಜಾಂಗ್ ಎಂಬ ಗುರು ಮುಪ್ಪಿನಲ್ಲೂ ಹೊಲಕ್ಕೆ ಹೋಗುತ್ತಿದ್ದನಂತೆ. ಮರುಕದಿಂದ ಶಿಷ್ಯರು ಗುದ್ದಲಿ ಬಚ್ಚಿಟ್ಟರು. ಗುದ್ದಲಿ ಸಿಗುವವರೆಗೆ ಅವನು ಊಟ ಮಾಡಲಿಲ್ಲ.

ಚಾಪೆಯಿಂದ ಜನ ಎದ್ದದ್ದು ಪಶ್ಚಿಮದ ಅಲೆಮಾರಿಗಳ ಮಡಚುವ ಪೀಠದಿಂದ. ಕ್ರಿ.ಶ. 168ರಿಂದ 189ರವರೆಗೆ ಆಳಿದ ಹಾನ್ ಚಕ್ರವರ್ತಿ ಲಿಂಗ್‌ಗೆ ಅದರ ಹುಚ್ಚು ಹಿಡಿದಿತ್ತು. ತಾಂಗ್ ಕಾಲದಲ್ಲಿ ಕುರ್ಚಿ ಬಂತು, ಸುಂಗ್ ಕಾಲಕ್ಕೆ ಮನೆಮನೆಗೂ ಹರಡಿತು. ಕುರ್ಚಿಯ ಎತ್ತರಕ್ಕೆ ಮೇಜು ಏರಿತು. ದೊಡ್ಡ ಮೇಜನ್ನು ಒಬ್ಬೊಬ್ಬರಿಗೆ ಒಂದರಂತೆ ಇಡಲಾಗದು. ಪಾತ್ರೆಗಳು ನಡುವೆ ಬಂದು ಕೂತವು.

ಮೂರನೆಯ ಊಟಕ್ಕೂ ದಾರಿ ತೆರೆದದ್ದು ಸುಂಗ್ ಕಾಲವೇ. ಅದಕ್ಕೆ ಮೊದಲು ತಾಂಗ್ ರಾಜಧಾನಿ ಚಾಂಗ್ಆನ್‌ನಲ್ಲಿ ಸಂಜೆಯ ನಗಾರಿ ಬಾರಿಸಿದರೆ ಕೇರಿಗಳ ಬಾಗಿಲು ಮುಚ್ಚುತ್ತಿತ್ತು. ಆಮೇಲೆ ಬೀದಿಯಲ್ಲಿ ಸಿಕ್ಕವನಿಗೆ 20 ಏಟು. ಮಾರುಕಟ್ಟೆ ತೆರೆಯುತ್ತಿದ್ದುದು ನಡುಹಗಲಿಗೆ, 300 ನಗಾರಿ ಏಟಿನ ಮೇಲೆ. ಮುಚ್ಚುತ್ತಿದ್ದುದು ಸೂರ್ಯ ಮುಳುಗುವ ಮೊದಲೇ. ಇಂಥ ಊರಿನಲ್ಲಿ ರಾತ್ರಿ ಊಟ ಮಾರುವವರಾರು, ಕೊಳ್ಳುವವರಾರು? 965ರಲ್ಲಿ ಸುಂಗ್ ವಂಶದ ಮೊದಲ ಚಕ್ರವರ್ತಿ ರಾಜಧಾನಿ ಕೈಫೆಂಗ್‌ನ ರಾತ್ರಿ ಮಾರುಕಟ್ಟೆಯನ್ನು ಮೂರನೆಯ ಜಾವದವರೆಗೆ ತಡೆಯಬಾರದೆಂದು ಆಜ್ಞೆ ಮಾಡಿದ. ಆಮೇಲೆ ಊರಿನ ಚರ್ಯೆಯೇ ಬದಲಾಯಿತು. ನಡುರಾತ್ರಿಯವರೆಗೂ ಅಂಗಡಿ, ಐದನೆಯ ಜಾವಕ್ಕೆ ಮತ್ತೆ ಅಂಗಡಿ. ವ್ಯಾಪಾರದ ಎಷ್ಟೋ ಮನೆಗಳಲ್ಲಿ ತರಕಾರಿಯನ್ನೇ ತಂದಿಡದೆ ಹೊತ್ತುಹೊತ್ತಿಗೆ ಬೀದಿಯಿಂದ ಬಿಸಿಬಿಸಿ ತರಿಸಿಕೊಂಡು ಉಣ್ಣುತ್ತಿದ್ದರು. ಒಲೆಯ ಸೌದೆ, ದೀಪದ ಎಣ್ಣೆ ಎರಡರ ಚಿಂತೆಯೂ ಅಂಗಡಿಯವನದಾಯಿತು. ದಿನಕ್ಕೆ ಮೂರು ಊಟ ನಗರದ ಸಾಮಾನ್ಯನ ರೂಢಿಯಾಯಿತು.

ಇದನ್ನೆಲ್ಲ ಬರೆದಿಟ್ಟವನು ಮೆಂಗ್ ಯುವಾನ್‌ಲಾವ್. ಅವನು ಬರೆದದ್ದು ಕೈಫೆಂಗ್‌ನಲ್ಲಿ ಕುಳಿತಲ್ಲ. 1127ರಲ್ಲಿ ಉತ್ತರದ ಜುರ್ಚೆನ್ ಪಡೆ ಆ ನಗರವನ್ನು ಹಿಡಿದಿತ್ತು. ದಕ್ಷಿಣಕ್ಕೆ ಓಡಿಬಂದವರಲ್ಲಿ ಅವನೂ ಒಬ್ಬ. ಇಪ್ಪತ್ತು ವರ್ಷಗಳ ಮೇಲೆ, 1147ರಲ್ಲಿ, ಯಾವ ಬೀದಿಯ ಯಾವ ಮೂಲೆಯಲ್ಲಿ ಏನು ತಿನ್ನಲು ಸಿಗುತ್ತಿತ್ತೆಂದು ಅಂಗಡಿಗಳ ಹೆಸರು ಸಮೇತ ನೆನಪಿನಿಂದ ಬರೆದು ಮುಗಿಸಿದ.

ಹಳ್ಳಿಗಳಿಗೆ ಆ ದೀಪದ ಬೆಳಕು ತಲುಪಲು ಇನ್ನೂ ಬಹುಕಾಲ ಬೇಕಾಯಿತು. ಉತ್ತರ ಚೀನದ ಎಷ್ಟೋ ರೈತರು ಇಪ್ಪತ್ತನೆಯ ಶತಮಾನದಲ್ಲೂ ಸುಗ್ಗಿಯ ದಿನಗಳಲ್ಲಿ ಮೂರು ಸಲ ಉಣ್ಣುವರು. ಹೊಲದ ಕೆಲಸ ನಿಂತು ಹಗಲು ಚಿಕ್ಕದಾಗುವ ಚಳಿಗಾಲದಲ್ಲಿ ಎರಡೇ ಸಲ, ಬೆಳಗ್ಗೆ ತಡವಾಗಿ ಒಮ್ಮೆ, ಇಳಿಹೊತ್ತಿಗೆ ಒಮ್ಮೆ.